ಅಭ್ಯರ್ಥಿಗಳ ಚುನಾವಣಾ ಜಾಲತಾಣಗಳು: ವಿನ್ಯಾಸ ಮತ್ತು ಬಳಕೆಯೋಗ್ಯತೆಯ ಮೌಲ್ಯಮಾಪನ

ರಾಯಚೂರಿನಿಂದ ದೇವದುರ್ಗದ ಕಡೆಗೆ ಸಾಗುವ ದಾರಿಯಲ್ಲಿರುವ ಗಬ್ಬೂರು, ಶಾಸನ ಮತ್ತು ದೇವಾಲಯಗಳ ಅಧ್ಯಯನ ಮಾಡುವವರಿಗೆ ಪರಿಚಿತವಾದ ಗ್ರಾಮ. ಈ ಭಾಗದ ಮಧ್ಯಕಾಲೀನ ದಾನಶಾಸನಗಳನ್ನು ಕಂಡವರಿಗೆ ಅವುಗಳ ರಚನೆಯಲ್ಲಿ ಒಂದು ನಿಶ್ಚಿತ ಕ್ರಮವಿರುವುದು ತಿಳಿದಿರುತ್ತದೆ. ಮೇಲ್ಭಾಗದಲ್ಲಿ ಸೂರ್ಯಚಂದ್ರರು, ಲಿಂಗ, ಹಸು-ಕರು, ಅನಂತರ ಆಳುವ ಅರಸನ ಪ್ರಶಸ್ತಿ, ಬಳಿಕ ಕಾಲನಿರ್ದೇಶ, ದಾನಿಯ ಹೆಸರು, ದಾನದ ವಿವರ, ಭೂಮಿಯ ಎಲ್ಲೆಕಟ್ಟು, ಕೊನೆಯಲ್ಲಿ ಶಾಪಾಶಯ. ಅಕ್ಷರ ಬಲ್ಲವನು ವಿವರವನ್ನು ಓದಿಕೊಳ್ಳುತ್ತಿದ್ದನು. ಅಕ್ಷರ ಬಾರದವನಿಗೆ ಇದೊಂದು ದಾನಶಾಸನವೆಂಬಷ್ಟನ್ನು ಮೇಲಿನ ಚಿತ್ರವೇ ತಿಳಿಸುತ್ತಿತ್ತು. ಸಾರ್ವಜನಿಕರ ಕಣ್ಣಿಗೆ ಬೀಳಬೇಕಾದ ಬರಹದಲ್ಲಿ ಯಾವುದು ಮೊದಲು, ಯಾವುದು ಅನಂತರ, ಓದಲಾರದವರಿಗೆ ಏನು ಎಂಬ ಪ್ರಶ್ನೆಗಳು ಹೊಸವಲ್ಲ ಎಂಬುದನ್ನು ನೆನಪಿಸುವುದಕ್ಕಾಗಿ ಮಾತ್ರ ಈ ಪ್ರಸ್ತಾಪ. ಪ್ರಸ್ತುತ ಲೇಖನದ ವಿಷಯ ಶಾಸನವಲ್ಲ. ಚುನಾವಣೆಗೆ ನಿಂತ ಅಭ್ಯರ್ಥಿಗಳ ಜಾಲತಾಣಗಳನ್ನು ಯಾವ ಅಳತೆಗೋಲಿನಿಂದ ತೂಗಿ ನೋಡಬೇಕು ಎಂಬುದು.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ರಾಯಚೂರು ಜಿಲ್ಲೆಯ ಇಂತಿಂಥ ಅಭ್ಯರ್ಥಿಯ ತಾಣ ಉತ್ತಮ, ಇಂಥವರದು ಕಳಪೆ ಎಂದು ಶ್ರೇಣಿ ನೀಡುವುದು ಇಲ್ಲಿಯ ಉದ್ದೇಶವಲ್ಲ. ಚುನಾವಣೆ ಮುಗಿದೊಡನೆ ಮರೆಯಾಗುವ ಪುಟಗಳ ಬಗೆಗೆ ಅಂಥ ತೀರ್ಪು ಓದುಗರಿಗೆ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಗಬ್ಬೂರಿನಂತಹ ಹೋಬಳಿ ಕೇಂದ್ರದ ಮತದಾರರನ್ನು ಮುಂದಿಟ್ಟುಕೊಂಡು ಮಾನದಂಡಗಳನ್ನು ಪರಿಶೀಲಿಸುವುದು ಹೆಚ್ಚು ಉಪಯುಕ್ತವೆಂದು ಭಾವಿಸಲಾಗಿದೆ.

ಬಳಕೆಯೋಗ್ಯತೆ ಎಂದರೆ ಏನು, ಯಾರಿಗೆ?

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಐಎಸ್‌ಒ 9241-11 ಮಾನಕದ ಪ್ರಕಾರ, ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸಂದರ್ಭದಲ್ಲಿ ತಮ್ಮ ನಿರ್ದಿಷ್ಟ ಉದ್ದೇಶವನ್ನು ಎಷ್ಟು ಸರಿಯಾಗಿ, ಎಷ್ಟು ಕಡಿಮೆ ಶ್ರಮದಲ್ಲಿ, ಎಷ್ಟು ಸಮಾಧಾನದಿಂದ ಸಾಧಿಸಿಕೊಳ್ಳಬಲ್ಲರು ಎಂಬುದೇ ಬಳಕೆಯೋಗ್ಯತೆ. ಈ ವ್ಯಾಖ್ಯೆಯಲ್ಲಿ ‘ನಿರ್ದಿಷ್ಟ’ ಎಂಬ ಪದ ಮೂರು ಸಲ ಬಂದಿರುವುದು ಸುಮ್ಮನೆ ಅಲ್ಲ. ಬಳಕೆದಾರನನ್ನೂ ಅವನ ಉದ್ದೇಶವನ್ನೂ ಹೇಳದೆ ಒಂದು ತಾಣವನ್ನು ‘ಬಳಸಲು ಸುಲಭ’ ಎನ್ನುವುದು ಅರ್ಥವಿಲ್ಲದ ಮಾತಾಗುತ್ತದೆ. ಚುನಾವಣಾ ತಾಣದ ಸಂದರ್ಭದಲ್ಲಿಯಂತೂ ಇದು ನಿರ್ಣಾಯಕ. ಏಕೆಂದರೆ ಇಲ್ಲಿ ತಾಣವನ್ನು ಕಟ್ಟಿಸಿದವರ ಉದ್ದೇಶ ಒಂದು, ನೋಡಲು ಬಂದ ಮತದಾರರ ಉದ್ದೇಶ ಇನ್ನೊಂದು.

ಈ ಎರಡರ ನಡುವಣ ಅಂತರವನ್ನು ತೋರಿಸಲು ಅಮೆರಿಕದ ಎರಡು ಪ್ರಸಂಗಗಳು ಸಾಕು. 1996ರ ಅಕ್ಟೋಬರ್ 6ರಂದು ನಡೆದ ಅಧ್ಯಕ್ಷೀಯ ಚರ್ಚೆಯ ಕೊನೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಬಾಬ್ ಡೋಲ್ ತಮ್ಮ ಜಾಲತಾಣದ ವಿಳಾಸವನ್ನು ದೂರದರ್ಶನದಲ್ಲಿ ಹೇಳಿದರು. ಹೇಳುವಾಗ ಕೊನೆಯ ಚುಕ್ಕಿಯೊಂದನ್ನು ಬಿಟ್ಟರು. ಅದನ್ನು ಹಾಗೆಯೇ ಟೈಪು ಮಾಡಿದವರಿಗೆ ತಾಣ ತೆರೆಯುವಂತಿರಲಿಲ್ಲ. ಬಾಯಲ್ಲಿ ಹೇಳಿ ಕಿವಿಯಲ್ಲಿ ಕೇಳಿಸಿಕೊಂಡು ಬರೆದುಕೊಳ್ಳಲು ಆಗದ ವಿಳಾಸವು ತಾಣದ ಮೊದಲ ದೋಷ ಎಂಬುದನ್ನು ಅಂದಿನಿಂದ ಎಲ್ಲರೂ ಒಪ್ಪಿದ್ದಾರೆ. ಎರಡನೆಯದು ಬರಾಕ್ ಒಬಾಮಾ ಅವರ ಪ್ರಚಾರ ತಂಡ 2007ರ ಡಿಸೆಂಬರಿನಲ್ಲಿ ನಡೆಸಿದ ತುಲನಾ ಪರೀಕ್ಷೆ. ನಾಲ್ಕು ಬಗೆಯ ಗುಂಡಿಗಳು, ಆರು ಬಗೆಯ ಚಿತ್ರ-ವೀಡಿಯೊಗಳು, ಒಟ್ಟು 24 ಜೋಡಣೆಗಳನ್ನು ಬೇರೆ ಬೇರೆ ಸಂದರ್ಶಕರಿಗೆ ತೋರಿಸಿ ನೋಡಿದಾಗ, ಹೆಸರು ನೋಂದಾಯಿಸಿದವರ ಪ್ರಮಾಣ ಮೂಲಪುಟದಲ್ಲಿ ಶೇ. 8.26 ಇದ್ದದ್ದು ಅತ್ಯುತ್ತಮ ಜೋಡಣೆಯಲ್ಲಿ ಶೇ. 11.6ಕ್ಕೆ ಏರಿತು. ತಂಡದವರು ಗೆಲ್ಲುವುದೆಂದು ನಂಬಿದ್ದ ವೀಡಿಯೊ ಸೋತಿತು. ಅಭ್ಯರ್ಥಿಯ ಕುಟುಂಬದ ಛಾಯಾಚಿತ್ರ ಗೆದ್ದಿತು. ವಿನ್ಯಾಸಕನ ಅಭಿರುಚಿಗಿಂತ ಪರೀಕ್ಷೆ ಮೇಲು ಎಂಬುದಕ್ಕೆ ಇದನ್ನು ಎಲ್ಲೆಡೆ ಉದಾಹರಿಸಲಾಗುತ್ತದೆ. ಆದರೆ ಅಲ್ಲಿ ಅಳೆದದ್ದು ಏನು? ಎಷ್ಟು ಮಂದಿ ತಮ್ಮ ಮಿಂಚಂಚೆ ವಿಳಾಸ ಕೊಟ್ಟರು ಎಂಬುದನ್ನು. ಎಷ್ಟು ಮಂದಿಗೆ ತಮ್ಮ ಪ್ರಶ್ನೆಗೆ ಉತ್ತರ ದೊರೆಯಿತು ಎಂಬುದನ್ನಲ್ಲ. ಮೊದಲನೆಯದು ಪ್ರಚಾರಕನ ಲೆಕ್ಕ, ಎರಡನೆಯದು ಮತದಾರನ ಲೆಕ್ಕ. ಅಕಾಡೆಮಿಕ್ ಮೌಲ್ಯಮಾಪನವು ಎರಡನೆಯದನ್ನು ಕೈಬಿಟ್ಟು ಮೊದಲನೆಯದನ್ನೇ ಹಿಡಿದರೆ ಅದು ಜಾಹೀರಾತು ಶಾಸ್ತ್ರವಾಗುತ್ತದೆಯೇ ಹೊರತು ಪ್ರಜಾಪ್ರಭುತ್ವದ ಅಧ್ಯಯನವಾಗುವುದಿಲ್ಲ.

ಮುಖಪುಟಕ್ಕೆ ನ್ಯಾಯಾಲಯದ ಆದೇಶ

ಭಾರತದಲ್ಲಿ ಈ ವಿಷಯ ವಿನ್ಯಾಸಕಾರರ ಚರ್ಚೆಯಾಗಿ ಉಳಿದಿಲ್ಲ. ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರರ ಹಕ್ಕು ಎಂದು ನ್ಯಾಯಾಲಯವು 2002ರ ಮೇ 2ರಂದು ಸಾರಿತು. 2003ರ ಮಾರ್ಚ್ 13ರ ತೀರ್ಪು ಅದನ್ನು ದೃಢಪಡಿಸಿತು. ಆ ಬಳಿಕ ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳ ವಿವರ ಕಡ್ಡಾಯವಾಗಿದೆ. 2020ರ ಫೆಬ್ರವರಿ 13ರ ಆದೇಶವು ಕ್ರಿಮಿನಲ್ ಪ್ರಕರಣಗಳಿರುವ ಅಭ್ಯರ್ಥಿಗಳ ವಿವರವನ್ನೂ, ಅವರನ್ನೇ ಆಯ್ಕೆ ಮಾಡಿದ್ದಕ್ಕೆ ಕಾರಣವನ್ನೂ ಪಕ್ಷಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಹೇಳಿತು. ಬಿಹಾರ ವಿಧಾನಸಭಾ ಚುನಾವಣೆಯಲ್ಲಿ ಇದರ ಪಾಲನೆ ಸರಿಯಾಗಿ ಆಗಲಿಲ್ಲವೆಂಬ ಪ್ರಕರಣದಲ್ಲಿ 2021ರ ಆಗಸ್ಟ್ 10ರಂದು ಬಂದ ತೀರ್ಪು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಕೆಲವು ಪಕ್ಷಗಳಿಗೆ ತಲಾ 1 ಲಕ್ಷ, ಎರಡು ಪಕ್ಷಗಳಿಗೆ ತಲಾ 5 ಲಕ್ಷ ರೂಪಾಯಿ ದಂಡ ವಿಧಿಸಿದ ನ್ಯಾಯಾಲಯವು, ಈ ಮಾಹಿತಿಯು ಪಕ್ಷದ ಜಾಲತಾಣದ ಮುಖಪುಟದಲ್ಲಿಯೇ ಇರಬೇಕು, ಕ್ರಿಮಿನಲ್ ಹಿನ್ನೆಲೆಯ ಅಭ್ಯರ್ಥಿಗಳು ಎಂಬ ಅರ್ಥದ ಶೀರ್ಷಿಕೆ ಅಲ್ಲಿ ಕಾಣಬೇಕು, ಆಯ್ಕೆಯಾದ 48 ಗಂಟೆಯೊಳಗೆ ವಿವರ ಪ್ರಕಟವಾಗಬೇಕು ಎಂದು ವಿಧಿಸಿತು.

ಇದರ ಅರ್ಥವೇನು? ‘ಮಾಹಿತಿ ತಾಣದಲ್ಲಿದೆ’ ಎಂಬುದು ಸಾಲದು, ‘ಮಾಹಿತಿ ಸಿಗುತ್ತದೆ’ ಎಂಬುದು ಬೇಕು ಎಂಬ ಬಳಕೆಯೋಗ್ಯತೆಯ ಮೂಲಸೂತ್ರವನ್ನು ನ್ಯಾಯಾಲಯವು ಸಾಂವಿಧಾನಿಕ ಹಕ್ಕಿನ ಭಾಗವಾಗಿ ನೋಡಿತು. ನಾಲ್ಕು ಪುಟ ದಾಟಿ ಒಳಗೆ ಹೋದರೆ ಸಿಗುವ ಕೊಂಡಿಯಲ್ಲಿ ವಿವರವನ್ನು ಇರಿಸಿ ಕಾನೂನನ್ನು ಪಾಲಿಸಿದ್ದೇವೆ ಎನ್ನುವ ದಾರಿ ಮುಚ್ಚಿತು. ಆದರೂ ಪೂರ್ತಿ ಮುಚ್ಚಿತೆನ್ನಲಾಗದು. ಮುಖಪುಟ ಎಂದರೆ ಪುಟ ತೆರೆದೊಡನೆ ಕಾಣುವ ಭಾಗವೇ, ಹತ್ತು ಸಲ ಬೆರಳಿನಿಂದ ಸರಿಸಿದ ಮೇಲೆ ಕಾಣುವ ಅಡಿಭಾಗವೂ ಸೇರಿಯೇ? ಶೀರ್ಷಿಕೆ ಎಷ್ಟು ದೊಡ್ಡ ಅಕ್ಷರದಲ್ಲಿ, ಯಾವ ಭಾಷೆಯಲ್ಲಿ? ಕಾಗದವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದರೆ ಅದು ಪ್ರಕಟಣೆಯೇ? ಚುನಾವಣಾ ಆಯೋಗದ ತಾಣದಲ್ಲಿ ದೊರೆಯುವ ನಮೂನೆ 26ರ ಪ್ರತಿಗಳೂ ಸ್ಕ್ಯಾನ್ ಮಾಡಿದ ಹಾಳೆಗಳೇ. ಅವುಗಳಲ್ಲಿ ಪದವನ್ನು ಹುಡುಕಲು ಬರುವುದಿಲ್ಲ; ಅಂಧರು ಬಳಸುವ ಓದುಗ ತಂತ್ರಾಂಶ ಅವುಗಳನ್ನು ಓದಲಾರದು. ಕಾಗದದಲ್ಲಿ ಸತ್ಯವಿದ್ದರೂ ಕಣ್ಣಿಲ್ಲದ ಮತದಾರನಿಗೆ ಅದು ಖಾಲಿ ಹಾಳೆಯೇ ಸರಿ. 2022ರಲ್ಲಿ ಆಯೋಗ ಹೊರತಂದ ‘ನೋ ಯುವರ್ ಕ್ಯಾಂಡಿಡೇಟ್’ ಕಿರುತಂತ್ರಾಂಶದಿಂದ ಹುಡುಕಾಟ ಸ್ವಲ್ಪ ಸರಳವಾಯಿತು. ಮೂಲ ದಾಖಲೆಯ ಸ್ವರೂಪದ ಪ್ರಶ್ನೆ ಮಾತ್ರ ಉಳಿಯಿತು.

ಗಬ್ಬೂರಿನ ಮತದಾರನ ಪ್ರಶ್ನೆಗಳು

ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳ ಮತದಾರನೊಬ್ಬ ಅಭ್ಯರ್ಥಿಯ ಪುಟ ತೆರೆದರೆ ಏನನ್ನು ಹುಡುಕಬಹುದು? ಮೊದಲನೆಯದಾಗಿ, ಇವರು ನಮ್ಮ ಕ್ಷೇತ್ರದವರೇ ಎಂಬುದನ್ನು. ಇದು ಕ್ಷುಲ್ಲಕವೆನಿಸಬಹುದು, ಆದರೆ ಅಲ್ಲ. 2008ರ ಪುನರ್ವಿಂಗಡಣೆಯ ಅನಂತರದ ರಾಯಚೂರು ಲೋಕಸಭಾ ಕ್ಷೇತ್ರದಲ್ಲಿ ಸುರಪುರ, ಶಹಾಪುರ, ಯಾದಗಿರಿ ಸೇರಿವೆ. ರಾಯಚೂರು ಜಿಲ್ಲೆಯದೇ ಆದ ಸಿಂಧನೂರು ಮತ್ತು ಮಸ್ಕಿ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಜಿಲ್ಲೆ, ತಾಲ್ಲೂಕು, ಹೋಬಳಿ ಎಂಬ ಕಂದಾಯದ ಎಲ್ಲೆಗಳೂ ಮತಕ್ಷೇತ್ರದ ಎಲ್ಲೆಗಳೂ ಒಂದೇ ಅಲ್ಲ. ಹೀಗಿರುವಾಗ ಕ್ಷೇತ್ರವ್ಯಾಪ್ತಿಯ ಊರುಗಳ ಹೆಸರನ್ನು ಪಠ್ಯರೂಪದಲ್ಲಿ ಕೊಡದೆ ‘ರಾಯಚೂರಿನ ಅಭ್ಯರ್ಥಿ’ ಎಂದಷ್ಟೇ ಬರೆದ ಪುಟ ಮೊದಲ ಪ್ರಶ್ನೆಯಲ್ಲಿಯೇ ಸೋಲುತ್ತದೆ. ದಾನಶಾಸನದ ಎಲ್ಲೆಕಟ್ಟಿನ ನಿಖರತೆ ಇಲ್ಲಿ ನೆನಪಾದರೆ ತಪ್ಪಲ್ಲ.

ಎರಡನೆಯದು ನೀರಿನ ಪ್ರಶ್ನೆ. ದೇವದುರ್ಗದ ರೈತನಿಗೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಯವನಿಗೆ ತುಂಗಭದ್ರಾ ಎಡದಂಡೆ ಕಾಲುವೆ. ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪುವುದೇ ಇಲ್ಲ ಎಂಬುದು ಈ ಭಾಗದ ಹಳೆಯ ದೂರು. ‘ಸಮಗ್ರ ಅಭಿವೃದ್ಧಿ’ ಎಂಬ ಶೀರ್ಷಿಕೆಯ ಕೆಳಗೆ ಕಾಲುವೆಯ ಹೆಸರೇ ಇಲ್ಲದಿದ್ದರೆ, ಅಥವಾ ಹೆಸರಿದ್ದೂ ಅದು ಪೋಸ್ಟರಿನ ಚಿತ್ರದೊಳಗೆ ಅಡಗಿದ್ದರೆ, ಅವನಿಗೆ ಆ ತಾಣದಿಂದ ಆದ ಉಪಯೋಗ ಏನೂ ಇಲ್ಲ. ಸಂವಿಧಾನದ 371ಜೆ ವಿಧಿಯ ಮೀಸಲಾತಿಯ ಬಗೆಗೆ ಪದವೀಧರ ಯುವಕ ಕೇಳುವ ಪ್ರಶ್ನೆಯೂ ಇದೇ ಜಾತಿಗೆ ಸೇರಿದ್ದು.

ಮೂರನೆಯದು ಹೆಚ್ಚು ಗಂಭೀರವಾದುದು. ಈ ತಾಲ್ಲೂಕುಗಳಿಂದ ಬೆಂಗಳೂರು ಮೊದಲಾದ ನಗರಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು ಅನೇಕರು. ಊರಿನಲ್ಲಿರುವವನು ಅಭ್ಯರ್ಥಿಯನ್ನು ಸಂತೆಯಲ್ಲಿ, ಗುಡಿಯ ಕಟ್ಟೆಯಲ್ಲಿ, ಪ್ರಚಾರ ಸಭೆಯಲ್ಲಿ ಕಣ್ಣಾರೆ ನೋಡುತ್ತಾನೆ, ಎದುರಿಗೇ ಕೇಳುತ್ತಾನೆ. ಗುಳೆ ಹೋದವನಿಗೆ ಉಳಿದಿರುವ ದಾರಿ ಕೈಯಲ್ಲಿರುವ ಫೋನು ಮಾತ್ರ. ಮತದಾನದ ದಿನಕ್ಕೆ ಊರಿಗೆ ಬರುವ ಖರ್ಚು ಮಾಡಬೇಕೋ ಬೇಡವೋ ಎಂಬುದನ್ನು ಅವನು ಆ ಸಣ್ಣ ಪರದೆಯ ಮೇಲೆ ಕಂಡುದರಿಂದಲೇ ನಿರ್ಧರಿಸಬೇಕಾಗಬಹುದು. 2014ರಲ್ಲಿ ರಾಯಚೂರು ಲೋಕಸಭಾ ಕ್ಷೇತ್ರದ ಗೆಲುವಿನ ಅಂತರ 1,499 ಮತಗಳು. ಜಾಲತಾಣವೊಂದು ಈ ಅಂತರವನ್ನು ಬದಲಿಸುತ್ತಿತ್ತು ಎಂದು ಹೇಳುವುದು ಅತಿಯಾದೀತು. ಊರಿನಿಂದ ಹೊರಗಿರುವವರ ಮತಕ್ಕೂ ತೂಕವಿದೆ ಎಂಬಷ್ಟನ್ನು ಆ ಸಂಖ್ಯೆ ಹೇಳುತ್ತದೆ.

2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದ್ದು ಶೇ. 75.36. ಆದುದರಿಂದ ಬರಹವನ್ನೇ ನೆಚ್ಚಿದ ಪುಟ ಇಲ್ಲಿ ಸಾಲದು. ಭಾರತದ ಚುನಾವಣೆಗೆ ಇದು ಹೊಸ ಸಮಸ್ಯೆಯೇನೂ ಅಲ್ಲ. 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿಯೇ ಓದಲು ಬಾರದವರಿಗಾಗಿ ಚಿಹ್ನೆಗಳನ್ನು ಬಳಸಲಾಯಿತು. ನಮ್ಮ ಪ್ರಜಾಪ್ರಭುತ್ವ ಕಂಡುಕೊಂಡ ಅತ್ಯಂತ ಯಶಸ್ವೀ ವಿನ್ಯಾಸ ಅದೇ ಎಂದು ಈ ಲೇಖಕನ ಅಭಿಪ್ರಾಯ. 2015ರ ಮೇ ತಿಂಗಳಿನಿಂದ ಮತಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರವೂ ಸೇರಿತು. ಒಂದೇ ಹೆಸರಿನವರು ಹಲವರು ನಿಂತಾಗ ಆಗುವ ಗೊಂದಲವನ್ನು ತಪ್ಪಿಸುವುದು ಅದರ ಉದ್ದೇಶ. ‘ನಾಯಕ’ ಎಂಬುದು ಹೆಸರಿನ ಕೊನೆಗೆ ಬರುವವರು ಹೆಚ್ಚಾಗಿರುವ ನಮ್ಮ ಕ್ಷೇತ್ರಗಳಲ್ಲಿ ಇದರ ಪ್ರಯೋಜನ ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದರೂ ಜಾಲತಾಣದಲ್ಲಿ ಹತ್ತು ವರ್ಷದ ಹಿಂದಿನ, ತಿದ್ದಿ ತೀಡಿದ ಚಿತ್ರವನ್ನು ಹಾಕುವ ಅಭ್ಯಾಸ ಬಿಟ್ಟಿಲ್ಲ. ಮತಯಂತ್ರದ ಮೇಲಿನ ಮುಖವನ್ನೂ ತಾಣದ ಮೇಲಿನ ಮುಖವನ್ನೂ ಒಂದೇ ಎಂದು ಗುರುತಿಸಲಾಗದಿದ್ದರೆ ಆ ಚಿತ್ರ ಅಲಂಕಾರಕ್ಕೆ ಮಾತ್ರ.

ಕನ್ನಡ ಲಿಪಿ ಮತ್ತು ಪುಟದ ತೂಕ

ಪಾಶ್ಚಾತ್ಯ ಮಾನದಂಡಗಳನ್ನು ಹಾಗೆಯೇ ಎತ್ತಿಕೊಂಡರೆ ಎಡವುವ ಸ್ಥಳ ಇದು. ಯುನಿಕೋಡ್ ವ್ಯಾಪಕವಾಗುವ ಮುನ್ನ ಕನ್ನಡ ಪುಟಗಳು ಒಂದೊಂದು ಅಕ್ಷರಶೈಲಿಯ ಸ್ವಂತ ಸಂಕೇತಗಳನ್ನು ನೆಚ್ಚಿದ್ದವು. ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಫಾಂಟು ಬಂದ ಮೇಲೆಯೂ ಕೆಲಕಾಲ ಈ ತೊಡಕು ಮುಂದುವರಿಯಿತು. ತೊಂದರೆ ತಪ್ಪಿಸಲು ಬರಹವನ್ನು ಚಿತ್ರವಾಗಿ ಹಾಕುವ ರೂಢಿ ಬೆಳೆಯಿತು. ಕಾರಣ ಹೋದರೂ ರೂಢಿ ಹೋಗಲಿಲ್ಲ: ಪ್ರಣಾಳಿಕೆಯನ್ನು ಇಂದಿಗೂ ಪೋಸ್ಟರಿನ ಚಿತ್ರವಾಗಿ ಏರಿಸುವವರಿದ್ದಾರೆ.

ಇದರ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ‘ಕ್ಷೇತ್ರ’ ಎಂಬಲ್ಲಿ ಕಣ್ಣಿಗೆ ಕಾಣುವುದು ಎರಡೇ ಅಕ್ಷರವಾದರೂ ಸಂಕೇತಗಳು ಏಳು, ಎಂದರೆ 21 ಬೈಟು. ಈ ಲೆಕ್ಕದಲ್ಲಿ 18,000 ಸಂಕೇತಗಳ ಸಾಕಷ್ಟು ದೀರ್ಘವಾದ ಪ್ರಣಾಳಿಕೆಯ ತೂಕ 54 ಕಿಲೋಬೈಟು. ಮುಖಪುಟದ ಒಂದು ದೊಡ್ಡ ಛಾಯಾಚಿತ್ರ 4 ಮೆಗಾಬೈಟು ಇದ್ದರೆ ಅದರ ಜಾಗದಲ್ಲಿ ಇಂತಹ ಎಪ್ಪತ್ತಕ್ಕೂ ಹೆಚ್ಚು ಪ್ರಣಾಳಿಕೆಗಳು ಹಿಡಿಯುತ್ತವೆ. ಸಂಪರ್ಕದ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ ಆ ಚಿತ್ರ ಇಳಿಯಲು 32 ಸೆಕೆಂಡು ಬೇಕು. ಸಂಕೇತ ಕ್ಷೀಣವಾಗಿ 100 ಕಿಲೋಬಿಟ್‌ಗೆ ಇಳಿದರೆ 5 ನಿಮಿಷ 20 ಸೆಕೆಂಡು. ಅದೇ ವೇಗದಲ್ಲಿ ಪ್ರಣಾಳಿಕೆಯ ಪಠ್ಯ ನಾಲ್ಕೈದು ಸೆಕೆಂಡಿನಲ್ಲಿ ಬರುತ್ತದೆ. ಹೊಲದ ಬದುವಿನ ಮೇಲೆ ನಿಂತವನು ಐದು ನಿಮಿಷ ಕಾಯುವುದಿಲ್ಲ.

ಲಿಪಿಯ ವಿನ್ಯಾಸದಲ್ಲಿ ಗಮನಿಸಬೇಕಾದದ್ದು ಒತ್ತಕ್ಷರಗಳನ್ನು. ರೋಮನ್ ಲಿಪಿಗೆಂದು ನಿಗದಿಪಡಿಸಿದ ಸಾಲಿನ ಅಂತರದಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಮೊದಲಾದ ಪದಗಳ ಒತ್ತುಗಳು ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗುತ್ತವೆ. ಸಣ್ಣ ಗಾತ್ರದಲ್ಲಿ ದಪ್ಪ ಅಕ್ಷರ ಬಳಸಿದರೆ ಒತ್ತುಗಳ ಒಳಗಿನ ಬಿಳಿ ಜಾಗ ತುಂಬಿ ಕಲೆಯಂತೆ ಕಾಣುತ್ತದೆ. ಪ್ರತ್ಯಯಗಳು ಸೇರಿ ಉದ್ದವಾಗುವ ನಮ್ಮ ಪದಗಳು ಇಂಗ್ಲಿಷಿನ ಅಳತೆಗೆ ಮಾಡಿದ ಗುಂಡಿಗಳೊಳಗೆ ಹಿಡಿಯುವುದಿಲ್ಲ. ಹುಡುಕಾಟದ ತೊಡಕು ಇನ್ನೊಂದು: ಮಾನವಿ-ಮಾನ್ವಿ, ಗಬ್ಬೂರು-ಗಬ್ಬೂರ, ನಾಯಕ-ನಾಯಕ್-ನಾಯ್ಕ ಎಂದು ಜನ ಬರೆಯುವ ಎಲ್ಲ ರೂಪಗಳನ್ನೂ ತಾಣವು ಒಂದೇ ಎಂದು ತಿಳಿಯಬೇಕು. ರಾಯಚೂರು ನಗರದಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು ಬಲ್ಲವರು ಗಣನೀಯವಾಗಿರುವುದರಿಂದ ಆ ಭಾಷೆಗಳ ಪುಟಗಳೂ ಬೇಕು. ಉರ್ದು ಬಲದಿಂದ ಎಡಕ್ಕೆ ಸಾಗುವುದರಿಂದ ಇಡೀ ಪುಟದ ಜೋಡಣೆಯೇ ತಿರುಗಬೇಕಾಗುತ್ತದೆ.

ಬಣ್ಣದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂತ್ರಗಳು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರ ಹೊಳಪಿನ ಅಂತರ ಬೇಕೆನ್ನುತ್ತವೆ. ರಾಷ್ಟ್ರಧ್ವಜದ ಬಣ್ಣಗಳಿಗೆ ಜಾಲಪುಟಗಳಲ್ಲಿ ಸಾಮಾನ್ಯವಾಗಿ ಬಳಸುವ ಛಾಯೆಗಳನ್ನು ತೆಗೆದುಕೊಂಡರೆ, ಬಿಳಿಯ ಮೇಲೆ ಹಸಿರಿನದು ಸುಮಾರು 4.6:1, ಕೇಸರಿಯದು ಸುಮಾರು 2.1:1 ಮಾತ್ರ. ಪಕ್ಷದ ಬಣ್ಣದ ಮೇಲಿನ ಅಭಿಮಾನ ಬಿಸಿಲಿನಲ್ಲಿ ಫೋನು ನೋಡುವ ಮುದುಕನ ಕಣ್ಣಿಗೆ ನೆರವಾಗುವುದಿಲ್ಲ.

ಪರೀಕ್ಷೆಯ ವಿಧಾನ

ಯಾಕೋಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿದ ಹತ್ತು ಸೂತ್ರಗಳನ್ನು ಹಿಡಿದು ತಜ್ಞರು ದೋಷಗಳನ್ನು ಪಟ್ಟಿ ಮಾಡುವುದು ಒಂದು ವಿಧಾನ. ಅದು ಅಗ್ಗ, ಬೇಗ ಮುಗಿಯುತ್ತದೆ. ಆದರೆ ತಜ್ಞ ಮತದಾರನಲ್ಲ. ಆದುದರಿಂದ ನಿಜವಾದ ಬಳಕೆದಾರರಿಗೆ ಕೆಲಸ ಕೊಟ್ಟು ನೋಡುವುದು ಅಗತ್ಯ. ಒಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ದೋಷಗಳನ್ನು ಎದುರಿಸುತ್ತಾನೆಂದು ಹಿಡಿದರೆ ಐವರಿಂದ ಶೇ. 84ರಷ್ಟು ದೋಷಗಳು ಹೊರಬೀಳುತ್ತವೆ ಎಂಬುದು ನೀಲ್ಸನ್ ಅವರ ಪ್ರಸಿದ್ಧ ಲೆಕ್ಕ. ಈ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ ಅನ್ವಯಿಸುತ್ತದೆ ಎಂಬುದನ್ನು ಮರೆತು, ರಾಯಚೂರಿನ ಐದು ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೂರಿಸಿ ಪರೀಕ್ಷೆ ಮುಗಿಯಿತೆಂದರೆ ಗಬ್ಬೂರಿನ ಬಗೆಗೆ ಏನೂ ತಿಳಿಯುವುದಿಲ್ಲ. ಕಾಲುವೆ ಕೊನೆ ಭಾಗದ ರೈತರು, ಗುಳೆ ಹೋದವರು, ಓದು ಬರಹ ಕಡಿಮೆ ಇರುವ ಮಹಿಳೆಯರು, ದೃಷ್ಟಿದೋಷವುಳ್ಳವರು, ಮೊದಲ ಸಲ ಮತ ಹಾಕುವವರು ಹೀಗೆ ಪ್ರತಿ ಗುಂಪಿನಿಂದಲೂ ಕೆಲವರು ಬೇಕು, ಅದೂ ಅವರವರ ಫೋನಿನಲ್ಲಿಯೇ. ‘ಈ ಅಭ್ಯರ್ಥಿಯ ಮೇಲೆ ಪ್ರಕರಣಗಳಿವೆಯೇ ಹೇಳಿ’, ‘ಕಾಲುವೆಯ ಬಗೆಗೆ ಏನು ಮಾಡುವುದಾಗಿ ಹೇಳಿದ್ದಾರೆ ನೋಡಿ’ ಎಂದು ಕೆಲಸ ಕೊಟ್ಟು, ಉತ್ತರ ಸರಿಯೇ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಕೈಬಿಟ್ಟರು ಎಂದು ಬರೆದುಕೊಳ್ಳಬೇಕು. ‘ತಾಣ ಹೇಗಿದೆ?’ ಎಂದು ಕೇಳಬಾರದು; ನಮ್ಮ ಕಡೆಯವರು ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ‘ಚಲೋ ಅದ’ ಎಂದೇ ಹೇಳುತ್ತಾರೆ.

ಇದರೊಂದಿಗೆ ನೋಡಬೇಕಾದ ಇನ್ನೊಂದು ಅಂಶ, ತಾಣವು ಮತದಾರನಿಂದ ಏನನ್ನು ಪಡೆಯುತ್ತದೆ ಎಂಬುದು. ಮೊಬೈಲ್ ಸಂಖ್ಯೆ ಕೊಡದೆ ಮುಂದಿನ ಪುಟ ತೆರೆಯದಂತೆ ಮಾಡಿದ ತಾಣ ಎಷ್ಟೇ ಅಂದವಾಗಿದ್ದರೂ ದೋಷಪೂರ್ಣವೇ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡದಲ್ಲಿ ಮತ ಕೇಳಿ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಒಪ್ಪಿಗೆ ಪಡೆಯುವುದನ್ನು ಮೌಲ್ಯಮಾಪಕರು ಬಿಟ್ಟುಕೊಡಬಾರದು.

ಪ್ರಕಟಿಸಿದವರು ಯಾರು, ಉಳಿಸುವವರು ಯಾರು?

ಜನಪ್ರತಿನಿಧಿ ಕಾಯಿದೆ, 1951ರ 127ಎ ಕಲಮಿನಂತೆ ಚುನಾವಣಾ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು-ವಿಳಾಸ ಇರಲೇಬೇಕು. ಜಾಲತಾಣಗಳ ಬಗೆಗೆ ಚುನಾವಣಾ ಆಯೋಗವು 2013ರ ಅಕ್ಟೋಬರ್ 25ರಂದು ಸೂಚನೆ ಹೊರಡಿಸಿ, ಅಭ್ಯರ್ಥಿಯು ತನ್ನ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕು, ಅಂತರಜಾಲದ ರಾಜಕೀಯ ಜಾಹೀರಾತುಗಳಿಗೆ ಮುಂಚಿತವಾಗಿ ಪ್ರಮಾಣೀಕರಣ ಪಡೆಯಬೇಕು, ಅಂತರಜಾಲ ಪ್ರಚಾರದ ವೆಚ್ಚವನ್ನೂ ಸಿಬ್ಬಂದಿಯ ಸಂಬಳವನ್ನೂ ಚುನಾವಣಾ ಲೆಕ್ಕಕ್ಕೆ ಸೇರಿಸಬೇಕು ಎಂದಿತು. ಆದರೂ ಅಭಿಮಾನಿಗಳ ಹೆಸರಿನಲ್ಲಿ ನಡೆಯುವ ತಾಣ ಯಾರದು ಎಂದು ಓದುಗನಿಗೆ ಪುಟದಿಂದಲೇ ತಿಳಿಯುವಂತಿಲ್ಲ. ಇದೇ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಪತ್ತೆಯಾದ ಶಾಸನದ ಮಹತ್ವ ಇರುವುದು, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನು ಅದು ಹೇಳಿದ್ದರಲ್ಲಿ. ಹೇಳಿದವನು ಯಾರೆಂದು ತಿಳಿದ ಮೇಲೆಯೇ ಮಾತಿಗೆ ತೂಕ ಬಂದದ್ದು. ಆದ ಕಾರಣ ತಾಣದ ಮಾಲೀಕರು, ಹಣ ಕೊಟ್ಟವರು, ಕೊನೆಯದಾಗಿ ತಿದ್ದಿದ ದಿನಾಂಕ, ಈ ಮೂರೂ ಪ್ರತಿ ಪುಟದಲ್ಲಿರುವುದನ್ನು ಅಂಕ ನೀಡುವ ಅಂಶವಾಗಿ ಅಲ್ಲ, ಪ್ರವೇಶದ ಷರತ್ತಾಗಿ ಪರಿಗಣಿಸಬೇಕೆಂದು ಈ ಲೇಖಕ ಭಾವಿಸುತ್ತಾನೆ.

ಗ್ರಂಥಾಲಯಗಳಿಗೆ ಸಂಬಂಧಿಸಿದ ಮಾತು ಕೊನೆಯದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದ ಚುನಾವಣೆಯಿಂದಲೇ ಅಭ್ಯರ್ಥಿಗಳ ಜಾಲತಾಣಗಳನ್ನು ಸಂಗ್ರಹಿಸತೊಡಗಿತು. ನಮ್ಮಲ್ಲಿ ಪುಸ್ತಕ ಮತ್ತು ವೃತ್ತಪತ್ರಿಕೆಗಳ ಪ್ರತಿಯನ್ನು ಗ್ರಂಥಾಲಯಗಳಿಗೆ ಒಪ್ಪಿಸುವ 1954ರ ಕಾಯಿದೆಯು ಜಾಲತಾಣವನ್ನು ಒಳಗೊಳ್ಳುವುದಿಲ್ಲ. ವಿಳಾಸದ ಬಾಡಿಗೆ ಮುಗಿದೊಡನೆ ಪ್ರಣಾಳಿಕೆಯೂ ಭರವಸೆಯೂ ಒಟ್ಟಿಗೇ ಅಳಿಯುತ್ತವೆ. ಐದು ವರ್ಷದ ಬಳಿಕ ‘ನೀವು ಹೀಗೆ ಹೇಳಿದ್ದಿರಿ’ ಎಂದು ಕೇಳಲು ಮತದಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯ ಅಥವಾ ವಿಶ್ವವಿದ್ಯಾಲಯದ ವಿಭಾಗವೊಂದು ಸಣ್ಣ ಪ್ರಮಾಣದಲ್ಲಿ ಈ ಕೆಲಸ ಆರಂಭಿಸಬಹುದು: ನಾಮಪತ್ರ ಹಿಂಪಡೆಯುವ ಕೊನೆಯ ದಿನ, ಬಹಿರಂಗ ಪ್ರಚಾರ ಮುಗಿಯುವ ಸಂಜೆ ಮತ್ತು ಫಲಿತಾಂಶದ ಮರುವಾರ, ಹೀಗೆ ಮೂರು ಸಲ ಕ್ಷೇತ್ರದ ಎಲ್ಲ ಅಭ್ಯರ್ಥಿಗಳ ಪುಟಗಳನ್ನು ದಿನಾಂಕ ಸಹಿತ ಸೆರೆಹಿಡಿದು, ಅದರಲ್ಲಿನ ಪಠ್ಯವನ್ನು ಯುನಿಕೋಡ್‌ನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಪಕ್ಷೇತರರ ಪುಟಗಳನ್ನೂ ಬಿಡಬಾರದು. ಅವು ಎಲ್ಲಕ್ಕಿಂತ ಮೊದಲು ಅಳಿಯುತ್ತವೆ.